ಪುದೀನದ ಕಟ್ಟು

ಮೂವತ್ತು ದಾಟಿದ ಮೇಲೂ ಮೊಡವೆ ಏಳುತ್ತದೆಂದರೆ ಅದನ್ನು ಯಾರಿಗೆ ಹೇಳಿಕೊಳ್ಳುವುದು? ಹೇಳಿಕೊಳ್ಳುವ ಅಗತ್ಯವೇನೂ ಇರಲಿಲ್ಲ, ಆ ಮಾತು ಬೇರೆ. ಮುಖದ ಮೇಲಿರುವುದು ಎಲ್ಲರಿಗೂ ಕಾಣುತ್ತದೆ. ಕಂಡವರೆಲ್ಲ ಒಂದೊಂದು ಮದ್ದು ಹೇಳುತ್ತಾರೆ.

ಅವಳ ಕೆಲಸ ಕನ್ನಡಕದ ಅಂಗಡಿಯಲ್ಲಿ. ಫ್ರೇಮ್ ಆರಿಸಿಕೊಡಬೇಕು, ಗಿರಾಕಿಯ ಮುಖಕ್ಕೆ ಮುಖ ಕೊಟ್ಟು ಅಳತೆ ತೆಗೆಯಬೇಕು. ಹೊಸ ಕನ್ನಡಕ ಏರಿಸಿದ ಗಿರಾಕಿಗೆ ಮೊದಲು ಸ್ಪಷ್ಟವಾಗಿ ಕಾಣುತ್ತಿದ್ದುದು ಅವಳ ದವಡೆ. "ಲೋಳೆಸರ ಹಚ್ಚಮ್ಮಾ," ಎಂದು ಪುಕ್ಕಟೆ ಸಲಹೆ ಕೊಟ್ಟು ಹೋಗುತ್ತಿದ್ದರು.

ಮುಟ್ಟು ಹತ್ತಿರವಾದಂತೆ ದವಡೆಯ ಅಂಚಿನಲ್ಲಿ ಕೆಂಪಗೆ, ಗಟ್ಟಿಯಾಗಿ ಏಳುವ ಗಂಟುಗಳು ಅವು. ಹಾರ್ಮೋನಿನ ಏರುಪೇರು ಎಂದಿದ್ದರು ಡಾಕ್ಟರು. ಅವರು ಕೊಟ್ಟ ಮಾತ್ರೆ ಅವಳಿಗೆ ಒಗ್ಗಲಿಲ್ಲ. ಆಮೇಲೆ ಮನೆಯಲ್ಲಿ ಚಿಕ್ಕಮ್ಮ ಟೊಂಕ ಕಟ್ಟಿ ನಿಂತರು. ಬೆಳಗ್ಗೆ ಬೇವಿನ ಲೇಪ, ಸಂಜೆ ಅರಿಶಿನ, ನಡುವೆ ಕುಡಿಯಲು ಫ್ಲಾಸ್ಕಿನಲ್ಲಿ ಬೇರು ತೊಗಟೆಗಳ ಕಷಾಯ. ಪ್ರೀತಿಯೇ ಅದು, ಅನುಮಾನವಿಲ್ಲ. ಆದರೆ ದಿನಾ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, "ಸ್ವಲ್ಪ ಕಮ್ಮಿ ಆದ ಹಾಗಿದೆ ಅಲ್ವಾ?" ಎಂದು ಕೇಳುವ ಪ್ರೀತಿಗೆ ಉತ್ತರ ಕೊಟ್ಟು ಕೊಟ್ಟು ಅವಳಿಗೆ ಸುಸ್ತಾಗಿತ್ತು.

ನೆಮ್ಮದಿಯೆಂದು ಇದ್ದದ್ದು ಅಂಗಡಿಯ ಹಿಂದಿನ ಕೋಣೆಯಲ್ಲಿ. ಅಲ್ಲಿ ಲೆನ್ಸಿನವನು ಕೂತಿರುತ್ತಿದ್ದ. ಫ್ರೇಮಿನ ಆಕಾರಕ್ಕೆ ಲೆನ್ಸ್ ಉಜ್ಜಿ ಕೂರಿಸುವುದು ಅವನ ಕೆಲಸ. ಮಧ್ಯಾಹ್ನ ಅವಳು ಊಟದ ಡಬ್ಬಿ, ಕಷಾಯದ ಫ್ಲಾಸ್ಕು ಹಿಡಿದು ಬಂದರೆ ಮಷೀನು ನಿಲ್ಲಿಸಿ ತನ್ನ ಡಬ್ಬಿಯನ್ನೂ ತೆರೆಯುತ್ತಿದ್ದ.

"ಇವತ್ತೊಬ್ರು ಕನ್ನಡಕ ವಾಪಸ್ ತಂದಿದ್ರು," ಎನ್ನುವಳು ಅವಳು. "ಹೆಂಡ್ತಿ ಬೇರೆ ಥರ ಕಾಣ್ತಾಳಂತೆ."

"ಪವರ್ ಸರಿಯಾಗೇ ಇದೆ ಅನ್ನಬೇಕಿತ್ತು."

"ಅಂದೆ. ಅದೇ ಭಯ ಆಗ್ತಿರೋದು ಅಂದ್ರು."

ಅವನು ನಕ್ಕರೆ ಮೊದಲು ಕಣ್ಣು ನಗುತ್ತಿತ್ತು, ಆಮೇಲೆ ಬಾಯಿ. ಹುಬ್ಬಿನಲ್ಲಿ ಲೆನ್ಸಿನ ಬಿಳಿ ಪುಡಿ ಅಂಟಿಕೊಂಡಿರುತ್ತಿತ್ತು. ಆ ಕಣ್ಣು ಅವಳ ಕಣ್ಣಲ್ಲೇ ನಿಲ್ಲುತ್ತಿತ್ತು, ಕೆಳಗೆ ದವಡೆಗೆ ಜಾರುತ್ತಿರಲಿಲ್ಲ. ಒಂದು ದಿನಕ್ಕೂ ಒಂದು ಮದ್ದು ಹೇಳಿದವನಲ್ಲ. ಅವನ ಮೇಲೆ ಅವಳಿಗೆ ಮನಸ್ಸಾಗಿದ್ದೇ ಅದಕ್ಕೆ.

ಆ ವಾರ ಚಿಕ್ಕಮ್ಮನಿಗೆ ಹೊಸ ಹುಚ್ಚು ಹತ್ತಿತು.

"ಪುದೀನ ಟೀ ಕುಡಿದ್ರೆ ಹಾರ್ಮೋನು ಹದಕ್ಕೆ ಬರುತ್ತಂತೆ ಕಣೇ. ಎಲ್ಲಾರೂ ಅದನ್ನೇ ಹೇಳ್ತಿದಾರೆ."

"ಎಲ್ಲಾರೂ ಅಂದ್ರೆ ಯಾರು ಚಿಕ್ಕಮ್ಮಾ?"

"ಫೋನಲ್ಲಿ."

ಮರುದಿನ ಮಧ್ಯಾಹ್ನ ಲೆನ್ಸಿನವನು ಒದ್ದೆ ಕಾಗದದಲ್ಲಿ ಸುತ್ತಿದ ಪುದೀನದ ಕಟ್ಟೊಂದನ್ನು ಅವಳ ಮುಂದಿಟ್ಟ. "ನಿಮಗೇ ಅಂತ ತಂದೆ," ಎಂದ. ಅವನ ಕಿವಿ ಕೆಂಪಾಗಿತ್ತು.

ಅವಳು ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟಳು. ಇವನೂ ನೋಡಿದ್ದಾನೆ. ಇಷ್ಟು ದಿನ ಸುಮ್ಮನೆ ನೋಡಿ, ಒಳಗೊಳಗೇ ಮರುಗಿ, ಕೊನೆಗೆ ಇವನೂ ಒಂದು ಮದ್ದು ತಂದ.

"ನಿಮ್ಮಿಂದ ಇದೊಂದು ಬೇಡವಾಗಿತ್ತು," ಎಂದವಳೇ ಡಬ್ಬಿ ಮುಚ್ಚಿಕೊಂಡು ಹೊರಗೆ ನಡೆದಳು.

ಆಮೇಲೆ ಅವಳು ಹಿಂದಿನ ಕೋಣೆಗೆ ಕಾಲಿಡಲಿಲ್ಲ. ಕೌಂಟರಿನ ಮರೆಯಲ್ಲಿ ನಿಂತುಕೊಂಡೇ ನಾಲ್ಕು ತುತ್ತು ತಿಂದು ಮುಗಿಸುತ್ತಿದ್ದಳು. ಲೇಪವನ್ನೂ ಬಿಟ್ಟಳು, ಕಷಾಯವನ್ನೂ ಬಿಟ್ಟಳು. ಅವಳಿಗೆ ಅವನು ಬೇಕಾಗಿತ್ತು. ಅವನೂ ರಿಪೇರಿ ಮಾಡುವವರ ಸಾಲಿಗೆ ಸೇರಿದನಲ್ಲ ಎಂಬ ಸಂಕಟಕ್ಕೆ ಯಾವ ಸೊಪ್ಪನ್ನು ಅರೆದು ಹಚ್ಚುವುದು?

ಅಂಗಡಿ ಮುಚ್ಚಿದ ಒಂದು ಸಂಜೆ ಅವಳು ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತಿದ್ದಳು. ಅವನು ಬಂದು ಪಕ್ಕದಲ್ಲಿ ಕೂತ.

"ನಾನೇನು ತಪ್ಪು ಮಾಡಿದೆ ಅಂತ ಹೇಳ್ಬಿಡಿ. ದಿನಾ ಲೆನ್ಸ್ ಹಾಳು ಮಾಡ್ತಿದೀನಿ. ಯಜಮಾನರು ಮುಖ ಗಂಟು ಹಾಕ್ಕೊಂಡಿದಾರೆ."

"ಪುದೀನ ಯಾಕೆ ತಂದ್ರಿ?"

"ನಿಮ್ಮ ಕಷಾಯಕ್ಕೆ. ಕುಡಿಯೋವಾಗ ಮೂಗು ಹಿಡ್ಕೊಂಡು, ಕಣ್ಣು ಮುಚ್ಕೊಂಡು ಒದ್ದಾಡ್ತೀರಲ್ಲ. ನಾಲ್ಕೆಲೆ ಹಾಕಿದ್ರೆ ಆ ವಾಸನೆ ತಡ್ಕೋಬಹುದೇನೋ ಅಂತ."

"ಮೊಡವೆಗಲ್ವಾ?"

"ಮೊಡವೆಗೆ ಪುದೀನ ಹಚ್ತಾರಾ?"

ಅವನು ನಿಜಕ್ಕೂ ಕೇಳುತ್ತಿದ್ದ. ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳು. ಎರಡನ್ನೂ ಕರ್ಚೀಫಿನಲ್ಲಿ ಒರೆಸಿಕೊಂಡಳು.

"ಹಾಗಾದ್ರೆ ಇವು ನಿಮ್ಮ ಕಣ್ಣಿಗೆ ಬಿದ್ದೇ ಇಲ್ವಾ?"

"ಬೀಳದೆ ಏನು? ಲೆನ್ಸಲ್ಲಿ ಕೂದಲೆಳೆಯಷ್ಟು ಗೀರು ಹುಡುಕೋದೇ ನನ್ನ ಕೆಲಸ. ಮೊದಲ ದಿನವೇ ಕಂಡಿದ್ವು. ಜಾಸ್ತಿ ಆದಾಗ ಅಗಿಯೋಕಾಗದೆ ಅರ್ಧ ಊಟ ಬಿಡ್ತೀರ, ಅದೂ ಗೊತ್ತು. ಅದರ ಬಗ್ಗೆ ನನಗೆ ಹೇಳೋಕೇನೂ ಇರ್ಲಿಲ್ಲ. ಹೇಳೋಕಿದ್ದಿದ್ದೇ ಬೇರೆ."

"ಏನು?"

ಅವನು ರಸ್ತೆ ನೋಡಿದ, ತನ್ನ ಚಪ್ಪಲಿ ನೋಡಿದ, ಆಮೇಲೆ ಅವಳನ್ನು ನೋಡಿದ. "ನೀವು ಒಳಗೆ ಬರದೇ ಇದ್ರೆ ನಂಗೆ ಅನ್ನ ಸೇರಲ್ಲ. ನೀವಂದ್ರೆ ಅಷ್ಟು ಇಷ್ಟ."

ಎಷ್ಟೋ ಕಾಲದಿಂದ ಹೊತ್ತ ಭಾರ ಇಳಿದಂತೆ ಅವಳ ಭುಜ ಸಡಿಲವಾಯಿತು. ಆದರೂ ಕೇಳಿದಳು, ಕೇಳದೆ ಇರಲಾಗಲಿಲ್ಲ. "ಇವು ಹೋಗದೇ ಇದ್ರೆ? ನನಗಂತೂ ಸಾಕಾಗಿ ಹೋಗಿದೆ. ಹಚ್ಚಿ ಹಚ್ಚಿ, ಕುಡಿದು ಕುಡಿದು."

"ಸಾಕಾಗಿದ್ರೆ ಬಿಡಿ. ಬೇಕು ಅನಿಸಿದಾಗ ಮತ್ತೆ ಶುರು ಮಾಡಿ. ಕಮ್ಮಿ ಆಯ್ತಾ ಅಂತ ನಾನು ಯಾವತ್ತೂ ಕೇಳಲ್ಲ."

ಅವಳಿಗೆ ಇನ್ನು ಮಾತು ಬೇಕಿರಲಿಲ್ಲ, ಒರಗಿಕೊಳ್ಳಬೇಕಿತ್ತು. ಅವನ ಭುಜದ ಕಡೆಗೆ ತಲೆ ವಾಲಿಸಿದವಳು ತಟ್ಟನೆ ಹಿಂದೆಳೆದುಕೊಂಡಳು.

"ಏನಾಯ್ತು?"

"ಈ ಕಡೆ ನೋಯುತ್ತೆ," ಎಂದಳು ಮೆಲ್ಲಗೆ.

ಅವನು ಎದ್ದ. ಅವಳ ಮುಂದಿನಿಂದ ಸುತ್ತಿ ಬಂದು ಇನ್ನೊಂದು ಪಕ್ಕದಲ್ಲಿ ಕೂತ.

"ಈಗ ಒರಗು," ಎಂದ.

ಅವಳು ಒರಗಿ ಕಣ್ಣು ಮುಚ್ಚಿದಳು.