ಗುರಾಬಿನ ಹೊಟ್ಟೆಯ ಚೀಟಿ

"ಆ ಚೀಟಿಗೆ ಕತ್ತರಿ ಹಚ್ಚಬ್ಯಾಡ್ರಿ, ಮಾಸ್ತರ."

ಬಾಗಿಲಲ್ಲಿ ನಿಂತು ಸರ್ದಾರಬಿ ಹೇಳಿದಳು. ಅವಳ ಕೈಯಲ್ಲಿ ಹಳೆಯ ಬಟ್ಟೆಯಲ್ಲಿ ಸುತ್ತಿದ ಮೂರು ಕಾಗದದ ಬಾವುಟಗಳಿದ್ದವು. ಗಂಡ ಲಾಲ್ ಅಹ್ಮದ್ ಕೊಟ್ಟು ಕಳುಹಿಸಿದ್ದನು. ಮೇಜಿನ ಮೇಲೆ ಕಾಗದದ ಹಡಗು ನಿಂತಿತ್ತು. ದಾಮೋದರ ರಾಯ್ಕರ ಅದರ ಹಿಂಬದಿಯ ಅಭ್ರಕದ ಕಿಟಕಿಯನ್ನು ಕಿತ್ತು, ಸಣ್ಣ ಕತ್ತರಿಯ ಮೊನೆಯನ್ನು ಒಳಗೆ ತೂರಿಸಿದ್ದನು.

"ಹಚ್ಚಿದರೆ ಏನಾಗುತ್ತದೆ?" ಎಂದು ಅವನು ತಲೆಯೆತ್ತದೆ ಕೇಳಿದನು.

"ಒಂದ ಹೆಸರು ಉಳದ್ರ ಹಡಗದ ಭಾರ ಅಷ್ಟೂ ಅವರ ಮ್ಯಾಲೇ ಬೀಳ್ತದ. ನಮ್ಮ ಮಾವನ ಕಾಲದಾಗ ಒಬ್ಬಾತ ಹಿಂಗ ಮಾಡಿ ಒಣಗಿ ಹೋದ. ಹೆಣ ಎತ್ತಾಕ ಒಬ್ಬ ಸಾಕಾದನಂತ."

ರಾಯ್ಕರ ನಕ್ಕನು. "ನಾನು ಕಾರವಾರದವನು, ಬಾಯಿ. ಹಡಗು ಗಾಳಿಯಿಂದ ನಡೆಯುತ್ತದೆ, ಚೀಟಿಯಿಂದಲ್ಲ."

ಕತ್ತರಿ ಮುಚ್ಚಿತು. ಚೀಟಿಯ ಅರ್ಧ ಕೆಳಗೆ ಬಿತ್ತು. ಸರ್ದಾರಬಿ ಬಾವುಟಗಳನ್ನು ಹೊಸ್ತಿಲ ಮೇಲಿಟ್ಟು ಹೋದಳು.

ಆ ಚೀಟಿ ಅಲ್ಲಿಗೆ ಹೇಗೆ ಬಂತೆಂಬುದನ್ನು ಹೇಳದಿದ್ದರೆ ಈ ಮನುಷ್ಯ ಮಾಡಿದ ಪಾಪದ ಅಳತೆ ತಿಳಿಯದು.

ರಾಯ್ಕರ ಕಲ್ಯಾಣಿ ಊರಿನ ಶಾಲೆಗೆ ಚಿತ್ರಕಲೆಯ ಮಾಸ್ತರನಾಗಿ ಬಂದದ್ದು 1949ರ ಜೂನ್ ತಿಂಗಳಲ್ಲಿ. ನಿಜಾಮಶಾಹಿ ಮುಗಿದು ಇನ್ನೂ ವರ್ಷ ತುಂಬಿರಲಿಲ್ಲ. ಕನ್ನಡದಲ್ಲಿ ಕಲಿಸಬಲ್ಲ ಮಾಸ್ತರರನ್ನು ಹೊರಗಿನಿಂದ ಕರೆಸುತ್ತಿದ್ದ ಕಾಲ. ಬರುವ ಜನವರಿಯಲ್ಲಿ ಹುಮನಾಬಾದಿನಲ್ಲಿ ಶಾಲೆಗಳ ಪ್ರದರ್ಶನವೆಂದು ಆಜ್ಞೆ ಬಂದಾಗ ಅವನು ತನ್ನ ಪೆಟ್ಟಿಗೆಯ ತಳದಿಂದ ಒಂದು ಹಳೆಯ ನಕ್ಷೆಯನ್ನು ತೆಗೆದನು. ಮರಾಠರ ಕಾಲದ, ಮೂರು ಕೂವೆಯ ಎಂದರೆ ಮೂರು ಹಾಯಿಕಂಬದ ಯುದ್ಧನೌಕೆ, ಗುರಾಬು ಎನ್ನುತ್ತಿದ್ದರು. ಅದನ್ನು ಕಾಗದದಲ್ಲಿ ಕಟ್ಟಬೇಕೆಂಬುದು ಅವನ ಆಸೆ. ಚಿತ್ರ ಬರೆಯುವ ಕೈ ಅವನಿಗಿತ್ತು, ಕಟ್ಟುವ ಕೈ ಇರಲಿಲ್ಲ. ಊರಿನವರು ತಾಬೂತು ಕಟ್ಟುವ ಲಾಲ್ ಅಹ್ಮದನ ಮನೆ ತೋರಿಸಿದರು.

ಕೋಟೆಯ ಬದಿಯ ಆ ಮನೆಯಲ್ಲಿ ಏಳು ತಲೆಮಾರಿನಿಂದ ಮೊಹರಮ್ಮಿಗೆ ಕಾಗದದ ಗುಮ್ಮಟಗಳು ಏಳುತ್ತಿದ್ದವು. ಕಟ್ಟಿಸುತ್ತಿದ್ದ ಜಹಗೀರು ಈಗ ಹೋಗಿತ್ತು. ಹಿಂದಿನ ವರ್ಷದ ಗದ್ದಲದ ನಂತರ ಕಟ್ಟಿಸುವ ಧೈರ್ಯವೂ ಜನರಲ್ಲಿರಲಿಲ್ಲ. ಐವತ್ತು ದಾಟಿದ ಲಾಲ್ ಅಹ್ಮದನ ಕಣ್ಣುಗಳಲ್ಲಿ ಆಗಲೇ ಮಂಜು ಕವಿಯತೊಡಗಿತ್ತು.

"ಇದು ಕಟ್ಟಾಕ ಕಣ್ಣು ಬೇಕ್ರಿ, ಮಾಸ್ತರ. ನನ್ನವು ಸ್ವಲ್ಪ ಉಳದಾವ," ಎಂದನು.

"ಉಳಿದದ್ದನ್ನು ಇದಕ್ಕೆ ಕೊಡಿ. ಪ್ರದರ್ಶನದಲ್ಲಿ ವಿದ್ಯಾಖಾತೆಯ ಸಾಹೇಬರ ಮುಂದೆ ಕಟ್ಟಿದವರು ನೀವೆಂದು ನಾನೇ ಹೇಳುತ್ತೇನೆ. ಶಾಲೆಗೆ ಕರಕುಶಲದ ಮಾಸ್ತರ ಬೇಕಾಗಿದ್ದಾರೆ. ಆ ಹುದ್ದೆ ನಿಮ್ಮದು. ಕಣ್ಣಿಲ್ಲದಿದ್ದರೂ ಬಾಯಲ್ಲಿ ಕಲಿಸಬಹುದು."

ಆ ಮಾತಿನ ಮೇಲೆ ಲಾಲ್ ಅಹ್ಮದ್ ಆರು ತಿಂಗಳು ದುಡಿದನು. ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಬೆರೆಸಿ, ಕಾಗದದ ಮೇಲೆ ಕಾಗದ ಹಚ್ಚಿ, ಹಡಗಿನ ಪಕ್ಕೆಲುಬುಗಳನ್ನು ಎಬ್ಬಿಸಿದನು. ಉಗುರಗಲದ ಪಟ್ಟಿಗಳನ್ನು ಹಲಗೆಗಳಂತೆ ಒಂದೊಂದಾಗಿ ಅಂಟಿಸಿದನು. ಛತ್ರಿಯ ಕಡ್ಡಿಗೆ ಕಾಗದ ಸುತ್ತಿ ಹದಿನೆಂಟು ತೋಪುಗಳನ್ನು ಮಾಡಿದನು. ತೊಡೆಯ ಮೇಲೆ ಕಾಗದ ಹೊಸೆದು, ಕೂದಲಿನಷ್ಟು ತೆಳ್ಳಗಿನ ಹಗ್ಗಗಳನ್ನು ಮೂರು ಕೂವೆಗಳಿಗೂ ಬಿಗಿದನು. ಇಪ್ಪತ್ತೆರಡು ನಾವಿಕರನ್ನು ಕಾಗದದಲ್ಲಿ ಕತ್ತರಿಸಿ ನಿಲ್ಲಿಸಿದನು. ಚುಕ್ಕಾಣಿಯ ಬಳಿ ಮಾತ್ರ ಯಾರನ್ನೂ ನಿಲ್ಲಿಸಲಿಲ್ಲ.

ಮೇಲಟ್ಟ ಮುಚ್ಚುವ ದಿನ ಅವನು ಒಂದು ಚೀಟಿ ತಂದನು. ಅರ್ಧದಲ್ಲಿ ಉರ್ದುವಿನಲ್ಲಿ ತನ್ನ ಹೆಸರು ಬರೆದನು. ಇನ್ನರ್ಧದಲ್ಲಿ ರಾಯ್ಕರ ಕನ್ನಡದಲ್ಲಿ ಬರೆದನು.

"ನಮ್ಮ ಮನಿತನದ ರಿವಾಜು ಇದು. ಕಟ್ಟಿದವರದು, ಕಟ್ಟಿಸಿದವರದು, ಎರಡೂ ಹೆಸರು ಒಳಗಿರಬೇಕು. ಕೆಲಸ ಮುಗಿದ ಮ್ಯಾಲ ಇಬ್ಬರೂ ಕೂಡಿ ನೀರಿಗೆ ಬಿಟ್ಟು ತಂಪು ಮಾಡಬೇಕು. ಇಬ್ಬರಿದ್ರ ಅದು ಕಾಗದ. ಒಬ್ಬರ ಹೆಸರಿನ ಮ್ಯಾಲ ನೀರಿಗೆ ಬಿಟ್ರ, ಅದು ಅವರನ್ನೂ ಕರಕೊಂಡು ಹೋಗ್ತದ."

ರಾಯ್ಕರ ಹಡಗಿನ ಮೇಲೆ ಕೈಯಿಟ್ಟು ಹೂಂ ಎಂದಿದ್ದನು. ಅದೇ ಕೈ ಈಗ ಕತ್ತರಿ ಹಿಡಿದಿತ್ತು. ಕಾರಣವೇನು? ಹುಮನಾಬಾದಿನಲ್ಲಿ ಇರುವ ಹುದ್ದೆ ಒಂದೇ, ಅದು ದೊಡ್ಡದು, ಹಡಗು ಕಟ್ಟಿದವನಿಗೇ ಅದು ಸಿಗಬಹುದು ಎಂಬ ಸುದ್ದಿ ಅವನಿಗೆ ಮುಟ್ಟಿತ್ತು. ಅಭ್ರಕದ ಕಿಟಕಿಯಿಂದ ಬಗ್ಗಿ ನೋಡಿದರೆ ಉರ್ದು ಅಕ್ಷರಗಳು ಸಾಹೇಬರಿಗೆ ಕಾಣುತ್ತಿದ್ದವು. ಒಬ್ಬ ಮನುಷ್ಯನ ಆರು ತಿಂಗಳ ಬೆಳಕನ್ನು ಕದಿಯಲು ಇಷ್ಟೇ ಕಾರಣ ಸಾಕಾಯಿತು.

ಗಣರಾಜ್ಯದ ದಿನ ಹುಮನಾಬಾದಿನ ಶಾಲೆಯ ಪಡಸಾಲೆ ಜನರಿಂದ ತುಂಬಿತ್ತು. ಗುರಾಬಿನ ಮುಂದೆ ಸಾಹೇಬರು ಬಹಳ ಹೊತ್ತು ನಿಂತರು. ಬೆರಳು ತಾಗಿಸದೆ ಹಗ್ಗಗಳನ್ನು ಎಣಿಸಿದರು.

"ಇದನ್ನು ಯಾರು ಕಟ್ಟಿದರು?"

ಜನರ ಹಿಂದೆ, ಎರವಲು ತಂದ ಶೇರವಾನಿ ತೊಟ್ಟು, ಹೆಂಡತಿಯ ಭುಜ ಹಿಡಿದು ಲಾಲ್ ಅಹ್ಮದ್ ನಿಂತಿದ್ದನು. ಅವನಿಗೆ ಮುಖಗಳು ಕಾಣುತ್ತಿರಲಿಲ್ಲ. ಧ್ವನಿಗಾಗಿ ಕಿವಿ ಚಾಚಿದ್ದನು. ರಾಯ್ಕರ ಅವನನ್ನು ಕಂಡನು.

"ನಾನೇ, ಸಾರ್. ಒಬ್ಬನೇ ಕಟ್ಟಿದೆ."

ಚಪ್ಪಾಳೆ ಬಿತ್ತು. ಅದು ನಿಂತ ಮೇಲೆ ಲಾಲ್ ಅಹ್ಮದ್ ಮೆಲ್ಲಗೆ ಹೇಳಿದನು: "ನಿಮ್ಮ ಹಡಗ ನಿಮಗ ಮುಬಾರಕ, ಮಾಸ್ತರ." ಹೆಂಡತಿಯ ಭುಜ ಹಿಡಿದು ತಿರುಗಿದನು. ಆ ದಿನವೇ ರಾಯ್ಕರನಿಗೆ ಹುಮನಾಬಾದಿನ ಹುದ್ದೆ ಸಿಕ್ಕಿತು.

ಮೊದಲು ಬಂದದ್ದು ವಾಸನೆ.

ಹಡಗನ್ನು ಶಾಲೆಯ ಹಿಂದಿನ ಕಿಟಕಿಯಿಲ್ಲದ ಉಗ್ರಾಣದಲ್ಲಿಟ್ಟಿದ್ದರು. ಕೀಲಿ ರಾಯ್ಕರನಲ್ಲೇ ಇತ್ತು. ಮೂರನೆಯ ದಿನ ಮಧ್ಯಾಹ್ನ ಬಾಗಿಲು ತೆರೆದಾಗ ಉಪ್ಪಿನ, ಡಾಂಬರಿನ, ಕೊಳೆತ ಮೀನಿನ ವಾಸನೆ ಮುಖಕ್ಕೆ ರಾಚಿತು. ಸಮುದ್ರದ ಮಗನಾದ ಅವನಿಗೆ ಅದು ಪರಿಚಿತ. ಆದರೆ ಈ ಕರಿಮಣ್ಣಿನ ಸೀಮೆಯಲ್ಲಿ ಸಮುದ್ರವೆಲ್ಲಿ? ಕತ್ತಲಲ್ಲಿ ಏನೋ ಕಿರುಗುಟ್ಟಿತು, ತೊಯ್ದ ಹಗ್ಗ ಕೂವೆಗೆ ಉಜ್ಜಿದಂತೆ. ಕಡ್ಡಿ ಗೀರಿದನು. ಮುಂದೆ ನೋಡುತ್ತಿದ್ದ ಇಪ್ಪತ್ತೆರಡು ನಾವಿಕರಲ್ಲಿ ಏಳು ಮಂದಿ ಹಿಂದೆ ತಿರುಗಿದ್ದರು. ಚುಕ್ಕಾಣಿಯ ಖಾಲಿ ಜಾಗವನ್ನು ನೋಡುತ್ತಿದ್ದರು.

ಅಂಟು ಸಡಿಲಾಗಿರಬೇಕೆಂದು ಅವನು ತನಗೆ ತಾನೇ ಹೇಳಿಕೊಂಡನು. ಮರುದಿನ ಹನ್ನೊಂದು ಮಂದಿ ತಿರುಗಿದ್ದರು.

ಆಮೇಲೆ ಅವನ ಮೈ ಹಗುರವಾಗತೊಡಗಿತು. ಗಾಳಿ ಬೀಸಿದರೆ ಗೋಡೆ ಹಿಡಿಯಬೇಕಾಯಿತು. ಬೆರಳು ಬೆರಳಿಗೆ ತಾಗಿದರೆ ಸರಸರ ಸದ್ದು. ಕೈತೊಳೆಯುವಾಗ ಹೆಬ್ಬೆರಳ ಚರ್ಮ ಉಬ್ಬಿ, ಪದರ ಬಿಟ್ಟು, ಬಿಳಿಯ ಎಳೆಯಾಗಿ ನೀರಿನೊಂದಿಗೆ ಹೋಯಿತು. ರಕ್ತ ಬರಲಿಲ್ಲ. ನೋವೂ ಆಗಲಿಲ್ಲ. ಆಗದ ಆ ನೋವಿಗೇ ಅವನು ಹೆಚ್ಚು ಹೆದರಿದನು.

ಅಡತಿ ಅಂಗಡಿಯ ಮುಂದೆ ಕಾಳು ತೂಗುತ್ತಿದ್ದ ಹಮಾಲ ತುಳಜಾರಾಮನ ಬಳಿ ಹೋಗಿ, ತಮಾಷೆಯ ಮುಖ ಮಾಡಿ ತಕ್ಕಡಿಯಲ್ಲಿ ಕುಳಿತನು. ಆ ಕಡೆ ಅರ್ಧ ಚೀಲ ಜೋಳ. ಅವನ ತಟ್ಟೆ ಕೆಳಗಿಳಿಯಲಿಲ್ಲ. ಕಾಲು ಚೀಲ ಇಟ್ಟರು. ಆಗಲೂ ಇಳಿಯಲಿಲ್ಲ.

"ಮಾಸ್ತರ, ಮನ್ಯಾಗ ಊಟ ಹಾಕೂದಿಲ್ಲೇನ್ರಿ?" ಎಂದು ತುಳಜಾರಾಮ ನಕ್ಕನು. ಮರುಕ್ಷಣ ಅವನ ನಗು ನಿಂತಿತು. ಬಿಸಿಲು ಮಾಸ್ತರನ ಅಂಗೈಯನ್ನು ತೂರಿ ಆಚೆ ಕಾಣುತ್ತಿತ್ತು. "ಇದು ರೋಗ ಅಲ್ರಿ. ಯಾರೋ ಮಾಟಾ ಮಾಡ್ಯಾರ. ಯಾರಿಗೆ ಏನ್ ಮಾಡೀರಿ, ಅಲ್ಲಿಗೇ ಹೋಗ್ರಿ."

ಬುಧವಾರ ಅವನು ಹಡಗನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಕಲ್ಯಾಣಿಗೆ ಬಂದನು. ಲಾಲ್ ಅಹ್ಮದ್ ಅಂಗಳದ ಚಾಪೆಯ ಮೇಲೆ ಕುಳಿತಿದ್ದನು. ಕಣ್ಣು ತೆರೆದೇ ಇದ್ದವು. ಅವುಗಳಲ್ಲಿ ಹಾಲು ಸುರಿದಂತಿತ್ತು.

"ನನಗೆ ಮಾಟ ಮಾಡಿದ್ದೀರಿ," ಎಂದನು ರಾಯ್ಕರ. ಧ್ವನಿಯೂ ಹರಿದ ಕಾಗದದಂತೆ ಬಂತು.

"ನಾ ಮಾಡಿಲ್ರಿ. ಮಾಡಿದ್ದು ನಿಮ್ಮ ಕತ್ತರಿ." ಲಾಲ್ ಅಹ್ಮದ್ ಗಾಳಿಯಲ್ಲಿ ಕೈಚಾಚಿ ಅವನ ಮುಂಗೈ ಹುಡುಕಿ ಹಿಡಿದನು. ಒತ್ತಿ ನೋಡಿದನು. ಅವನ ಬೆರಳುಗಳಿಗೆ ಕಾಗದದ ಗುರುತು ಸಿಗದೆ ಇದ್ದೀತೆ? ಮುಖ ಕಪ್ಪಿಟ್ಟಿತು. "ಯಾ ಅಲ್ಲಾ. ಇಷ್ಟಕ್ಕ ಬಂತೇನು?"

"ಇನ್ನೊಮ್ಮೆ ಹೆಸರು ಬರೆದುಕೊಡಿ. ನಿಮ್ಮ ಕಾಲಿಗೆ ಬೀಳುತ್ತೇನೆ."

"ಬರೀಬ್ಯಾಡ್ರಿ," ಎಂದು ಒಳಗಿನಿಂದ ಸರ್ದಾರಬಿ ಹೇಳಿದಳು. "ಇವರು ಒಮ್ಮಿ ಕೊಂದಾರ. ಮತ್ತೊಮ್ಮಿ ಕೊಲ್ಲಾಕ ಬಂದಾರ."

"ಸುಮ್ನಿರು. ಕಣ್ಣು ಹೋಗ್ಯಾವ, ಇಮಾನ ಹೋಗಿಲ್ಲ."

ಲಾಲ್ ಅಹ್ಮದ್ ಲೇಖಣಿ ತರಿಸಿದನು. ಕಾಣದಿದ್ದರೂ ಕೈಗೆ ಅಕ್ಷರ ಗೊತ್ತಿತ್ತು. ಬಲದಿಂದ ಎಡಕ್ಕೆ, ತಡವರಿಸದೆ ಬರೆದನು. ಬರೆದ ಚೀಟಿಯನ್ನು ಮಡಿಚಿ ಚಾಚಿದನು.

"ಇದನ್ನ ನಿಮ್ಮ ಚೀಟಿ ಮಗ್ಗಲ ಇಡ್ರಿ. ಶುಕ್ರವಾರ ನಮಾಜ ಮುಗಿಸಿ ತ್ರಿಪುರಾಂತ ಕೆರೀಗೆ ಬರ್ತೀನಿ. ನಾ ಬರೋತನಕ ನೀರಿಗೆ ಬಿಡಬ್ಯಾಡ್ರಿ. ಅಲ್ಲಿ ಇನ್ನೊಂದು ಕೆಲಸ ಉಳದದ."

ಯಾವ ಕೆಲಸವೆಂದು ರಾಯ್ಕರ ಕೇಳಲಿಲ್ಲ. ಉರ್ದು ಅವನಿಗೆ ಓದಲು ಬರುತ್ತಿರಲಿಲ್ಲ. ಕಲಿಯುವ ಮನಸ್ಸನ್ನೂ ಅವನು ಮಾಡಿರಲಿಲ್ಲ. ಚೀಟಿಯನ್ನು ಜೇಬಿಗಿಟ್ಟುಕೊಂಡಾಗ ಅವನ ತಲೆಯಲ್ಲಿ ಕೃತಜ್ಞತೆ ಮೂಡಲಿಲ್ಲ. ಒಂದು ಲೆಕ್ಕಾಚಾರ ಮೂಡಿತು. ಎರಡು ಹೆಸರಿದ್ದರೆ ಇಬ್ಬರೂ ಬದುಕುತ್ತಾರೆ. ಕಟ್ಟಿದವನು ಬದುಕಿರುವತನಕ ಸತ್ಯವೂ ಬದುಕಿರುತ್ತದೆ. ಎಂದಾದರೂ ಸಾಹೇಬರ ಬಾಗಿಲಿಗೆ ಹೋಗಿ ನಿಲ್ಲಬಹುದು. ಹಡಗಿನೊಳಗೆ ಲಾಲ್ ಅಹ್ಮದನ ಈ ಒಂದು ಹೆಸರು ಮಾತ್ರ ಉಳಿದರೆ? ನೋಡಿರಿ, ಮಾಟವನ್ನು ನಕ್ಕು ತಳ್ಳಿದ ವಿದ್ಯಾವಂತನು ಈಗ ತಾನೇ ಮಾಟಗಾರನಾಗಲು ಹೊರಟನು. ಕ್ಷಮೆ ಕೊಟ್ಟ ಕೈಯನ್ನೇ ಮುಳುಗಿಸಲು.

ಶುಕ್ರವಾರ ನಮಾಜು ಮುಗಿಯುವ ಮೊದಲೇ ಅವನು ಕೆರೆಯ ಮೆಟ್ಟಿಲ ಮೇಲಿದ್ದನು. ನೆತ್ತಿಯ ಬಿಸಿಲು. ಒಂದು ಎಲೆಯೂ ಅಲುಗುತ್ತಿರಲಿಲ್ಲ. ಅಭ್ರಕದ ಕಿಟಕಿಯಿಂದ ಕನ್ನಡದ ತನ್ನ ಹೆಸರನ್ನು ಹೊರಗೆಳೆದನು. ಕಡ್ಡಿ ಗೀರಿ ಸುಟ್ಟನು. ಉರ್ದು ಚೀಟಿಯೊಂದನ್ನೇ ಒಳಗೆ ಹಾಕಿ ಕಿಟಕಿ ಮುಚ್ಚಿದನು. ಇಪ್ಪತ್ತೆರಡು ನಾವಿಕರೂ ಈಗ ಹಿಂದೆ ತಿರುಗಿದ್ದರು. ಅವನು ಅವರ ಕಡೆ ನೋಡಲಿಲ್ಲ. ನೀರು ಕೈಗೆ ತಾಗದಂತೆ, ಒಂದು ಕೋಲಿನಿಂದ ಹಡಗನ್ನು ಮೆಟ್ಟಿಲಿನಿಂದ ತಳ್ಳಿದನು.

ಗುರಾಬು ತೇಲಿತು. ಗಾಳಿಯಿಲ್ಲದ ಕೆರೆಯಲ್ಲಿ ಮೂರೂ ಹಾಯಿಗಳು ಉಬ್ಬಿದವು.

ಒಳ್ಳೆಯದೆಂದು ಅವನು ಉಸಿರುಬಿಟ್ಟನು. ಆಗ ಮೇಲಿನ ಮೆಟ್ಟಿಲಲ್ಲಿ ಕೋಲಿನ ಟಕ್ ಟಕ್ ಸದ್ದು. ಹೆಂಡತಿಯ ಭುಜ ಹಿಡಿದು ಲಾಲ್ ಅಹ್ಮದ್ ಇಳಿಯುತ್ತಿದ್ದನು. ಅವನು ಸತ್ತಿರಲಿಲ್ಲ. ಅವನ ಉಸಿರು ಸಹ ಏರಿರಲಿಲ್ಲ.

"ಮಾಸ್ತರ, ಇದ್ದೀರೇನ್ರಿ? ನಿಮ್ಮ ಚೀಟಿ ಒಳಗ ಅದ ಅಲ್ರಿ?"

"ಇದೆ," ಎಂದನು ರಾಯ್ಕರ. ಅದು ಅವನ ಕೊನೆಯ ಸುಳ್ಳು.

"ಹಂಗಾದ್ರ ಛಲೋ ಆತು. ಆವತ್ತು ನಾ ಕೊಟ್ಟದ್ದು ಮಾಫಿ ಚೀಟಿ. ಹೆಸರು ಕಡದು ಹೋದ್ರ ನಮ್ಮಲ್ಲಿ ಮೊದಲ ಅದನ್ನ ಬರೀತಾರ. ಯಾರಿಗೆ ಮಾಫಿ ಕೊಡ್ತೀವೋ ಅವರ ಹೆಸರು. ಅದರಾಗ ನಿಮ್ಮ ಹೆಸರದ, ಮಾಸ್ತರ. ಕಟ್ಟಿದವನ ಹೆಸರು ಆಮ್ಯಾಲ, ನೀರಿನ ದಂಡಿಗೇ ಹಾಕಬೇಕು. ಬರಕೊಂಡು ತಂದೀನಿ."

ಸರ್ದಾರಬಿ ಕೆರೆಯತ್ತ ನೋಡಿದಳು. ಅವಳ ಕೈ ಬಾಯಿಗೆ ಹೋಯಿತು.

ಹಡಗಿನ ತಳ ನೆನೆಯಿತು. ರಾಯ್ಕರನ ಅಂಗಾಲು ತಣ್ಣಗಾಯಿತು. ಒಣ ಕಲ್ಲಿನ ಮೇಲೆ ನಿಂತಿದ್ದನು. ಆದರೂ ತಣ್ಣಗಾಯಿತು. ಕೋಲು ಚಾಚಿದನು. ಎಟುಕಲಿಲ್ಲ. ಹಡಗು ಒಂದು ಮಗ್ಗುಲಿಗೆ ವಾಲಿತು. ಅವನೂ ವಾಲಿದನು. ತೋಪಿನ ಕಿಂಡಿಗಳಲ್ಲಿ ನೀರು ನುಗ್ಗಿತು. ಎದೆಯಲ್ಲಿ ನೀರು. ಗಂಟಲಲ್ಲಿ ನೀರು. ಉಪ್ಪು. ಬರೀ ಉಪ್ಪು. ಕೂಗಲು ಬಾಯಿ ತೆರೆದನು. ಗುಳುಗುಳು ಸದ್ದು ಬಂತು. ಚುಕ್ಕಾಣಿಯ ಬಳಿ ಖಾಲಿ ಜಾಗ ಈಗ ಖಾಲಿ ಇರಲಿಲ್ಲ. ಅಲ್ಲಿ ಒಬ್ಬ ನಿಂತಿದ್ದ. ಕೋಟು. ಟೊಪ್ಪಿಗೆ. ಕೈಯಲ್ಲಿ ಸಣ್ಣ ಕತ್ತರಿ. ಮೊದಲ ಕೂವೆ ಮುಳುಗಿತು. ಎರಡನೆಯದು. ಮೂರನೆಯದು.

ಕೆರೆ ಮೊದಲಿನಂತೆ ಸುಮ್ಮನಾಯಿತು.

ಮೆಟ್ಟಿಲ ಮೇಲೆ ಬಿದ್ದವನ ಬಟ್ಟೆ ಒಣಗಿಯೇ ಇತ್ತು. ಬಾಯಿಂದ ಮಾತ್ರ ನೀರು ಹರಿದು, ಕಲ್ಲಿನ ಮೇಲೆ ಬಿಳಿಯ ಉಪ್ಪಾಗಿ ಒಣಗುತ್ತಿತ್ತು.

ಲಾಲ್ ಅಹ್ಮದನಿಗೆ ಇದಾವುದೂ ಕಾಣಲಿಲ್ಲ. ಎರಡು ಮೆಟ್ಟಿಲು ಮೇಲೆ ನಿಂತು, ಮಡಿಚಿದ ಚೀಟಿ ಹಿಡಿದ ಕೈಯನ್ನು ಮುಂದಕ್ಕೆ ಚಾಚಿಯೇ ಇದ್ದನು. ಆ ಕೈಯನ್ನು ಕೆಳಗಿಳಿಸುವ ಧೈರ್ಯ ಸರ್ದಾರಬಿಗೆ ಬರಲಿಲ್ಲ.

"ತಗೋರಿ, ಮಾಸ್ತರ," ಎಂದನು ಅವನು. "ಇದು ನನ್ನ ಹೆಸರು."