ಹಳೇ ಹಸುವಿನ ಬೀಗ

ಕೀಕ್.

ಅಷ್ಟೇ ಶಬ್ದ. ಹತ್ತು ಸೆಕೆಂಡು ಬಿಟ್ಟು ಇನ್ನೊಂದು... ಕೀಕ್.

ಮೇಜಿನ ಕೆಳಗಿನ ಯುಪಿಎಸ್. ಕರೆಂಟ್ ಹೋದರೆ ಅದು ಹೀಗೆ ಕೂಗುತ್ತದೆ. ರಾತ್ರಿ ಹನ್ನೊಂದು ದಾಟಿತ್ತು. ತಿ. ನರಸೀಪುರದಲ್ಲಿ ಕರೆಂಟ್ ಹೋಗುವುದು ವಿಶೇಷವೇನಲ್ಲ.

ಆದರೆ ಕಿಟಕಿಯಾಚೆ ಬೀದಿದೀಪ ಉರಿಯುತ್ತಿತ್ತು. ಎದುರಿನ ಗೊಬ್ಬರದ ಅಂಗಡಿಯ ಬೋರ್ಡೂ ಉರಿಯುತ್ತಿತ್ತು. ಹೋಗಿದ್ದು ನನ್ನ ಕರೆಂಟ್ ಮಾತ್ರ!

ಅಂದರೆ ಕೆಳಗೆ ಯಾರೋ ನನ್ನ ಫ್ಯೂಸ್ ಕಿತ್ತಿದ್ದರು.

ಎದೆ ಹೊಡೆದುಕೊಳ್ಳಬೇಕಿತ್ತು. ಹೊಡೆದುಕೊಳ್ಳಲಿಲ್ಲ. ಹಗಲೆಲ್ಲ ಹೆದರುತ್ತಲೇ ಇರುವವಳು ನಾನು. ನಿಜವಾದದ್ದು ಬಂದಾಗ ಹೆದರಿಕೆಯೇ ಮುಗಿದುಹೋಗಿತ್ತು.

ನೀವು ಯಾರೋ ನನಗೆ ಗೊತ್ತಿಲ್ಲ. ಅದಕ್ಕೇ ನಿಮ್ಮ ಹತ್ತಿರ ಹೇಳುತ್ತಿದ್ದೇನೆ.

ನಾನು ಇಂದ್ರಾಣಿ. ಮೈಸೂರಿನಲ್ಲಿ ಬಿಎಸ್ಸಿ ಮುಗಿಸಿ ಬಂದು, ಬಸ್ ಸ್ಟ್ಯಾಂಡ್ ಹಿಂದಿನ ಮಹಡಿಯಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟವಳು. ಬೋರ್ಡಿನಲ್ಲಿ ಟೈಪಿಂಗ್, ಜೆರಾಕ್ಸ್ ಎಂದಿದೆ. ಬೋರ್ಡಿನಲ್ಲಿ ಇಲ್ಲದ ಕೆಲಸ ಇನ್ನೊಂದು... ಜನರ ಗುಟ್ಟಿಗೆ ಬೀಗ ಹಾಕುವುದು. ಒಳ್ಳೆಯ ಫೈಲನ್ನು ಅರೆದು, ಕಲಸಿ, ಅರ್ಥವಿಲ್ಲದ ಕಸ ಮಾಡಿಬಿಡುತ್ತೇನೆ. ಸರಿಯಾದ ಸಾಲು ಟೈಪ್ ಮಾಡಿದರೆ ಮಾತ್ರ ಆ ಕಸ ಮತ್ತೆ ಅಕ್ಷರವಾಗುತ್ತದೆ. ಒಂದು ಅಕ್ಷರ ತಪ್ಪಿದರೂ ಇಲ್ಲ. ಮಿಷಿನ್ನಿಗೆ ದಾಕ್ಷಿಣ್ಯ ಗೊತ್ತಿಲ್ಲ.

ಆ ರಾತ್ರಿ ಮಿಷಿನ್ನಿನಲ್ಲಿ ಒಂದು ಪೆನ್ ಡ್ರೈವ್ ಇತ್ತು. ನಂಜನಗೂಡಿನಲ್ಲಿ ಮಹಿಳಾ ಸಂಘ ನಡೆಸುವ ಮುದ್ದಮ್ಮನದು. ಜಾತಿ ಬಿಟ್ಟು ಮದುವೆಯಾಗಿ, ಮನೆಯವರ ಮಚ್ಚಿಗೆ ಹೆದರಿ ಓಡಿಬಂದ ಹದಿನೇಳು ಜೋಡಿಗಳು ಎಲ್ಲೆಲ್ಲಿ ಅಡಗಿದ್ದಾರೆ ಎಂಬ ಪಟ್ಟಿ. ಒಂದು ಕಾಪಿ ಅವರ ಹತ್ತಿರ. ಒಂದು ನನ್ನ ಹತ್ತಿರ.

ಕೊನೆಯ ಜೋಡಿ ಸುನೀತಾ ಮತ್ತು ರಾಹುಲ್. ಪಟ್ಟಿಗೆ ಸೇರಿಸಿ ಮೂರೇ ವಾರ.

ಮೆಟ್ಟಿಲ ಮೇಲೆ ಎರಡು ಜೊತೆ ಕಾಲು. ಒಂದು ಬೂಟು. ಇನ್ನೊಂದು ಎಳೆದು ನಡೆಯುವ ಚಪ್ಪಲಿ.

ಬಾಗಿಲು ಒಂದೇ ಒದೆತಕ್ಕೆ ತೆರೆದುಕೊಂಡಿತು.

ಬೂಟಿನವನು ಯುವಕ, ಇಸ್ತ್ರಿ ಮಾಡಿದ ಅಂಗಿ. ಚಪ್ಪಲಿಯವನು ಮುದುಕ, ಹೆಗಲ ಮೇಲೆ ಟವೆಲ್.

"ನಾನು ಕಿರಣ್. ಸುನೀತಾ ಅಣ್ಣ," ಎಂದ ಯುವಕ. "ಇವರು ನಮ್ಮ ದೊಡ್ಡಪ್ಪ ಬೆಟ್ಟಯ್ಯ. ಕೂತ್ಕೊಳ್ಳಿ ಮೇಡಂ."

"ನಿಂತೇ ಇರ್ತೀನಿ. ಫ್ಯೂಸ್ ಹಾಕಿ. ಇಲ್ಲದಿದ್ರೆ ಹತ್ತು ನಿಮಿಷಕ್ಕೆ ಇದೆಲ್ಲ ಆಫ್ ಆಗುತ್ತೆ."

"ಫ್ಯೂಸ್ ಕೊಡಿ ದೊಡ್ಡಪ್ಪ."

"ಎಲ್ಲದೆ? ಮೋರಿಗೆ ಎಸ್ದೆ."

"ಎಸೆದ್ರಾ?!"

"ನೀನೇ ಅಂದಲ್ಲೋ ಕಿತ್ತಾಕು ಅಂತ. ಕಿತ್ದೆ. ಆಕ್ದೆ."

ಕಿರಣ್ ಕಣ್ಣು ಮುಚ್ಚಿ ತೆರೆದ. ನಗುವಂಥದ್ದೇ. ನನಗೆ ನಗು ಬರಲಿಲ್ಲ.

ಕೀಕ್.

ಅವನು ಸ್ಕ್ರೀನ್ ನೋಡಿದ. ಪಾಸ್‌ವರ್ಡ್ ಕೇಳುವ ಖಾಲಿ ಚೌಕ. ಪೆನ್ ಡ್ರೈವ್ ಮುಟ್ಟಿ ನೋಡಿದ.

"ರಾಹುಲ್ ಫ್ರೆಂಡ್ ಒಬ್ಬ ಸಿಕ್ಕಿದ್ದ. ಸ್ವಲ್ಪ ಒದ್ದ ಮೇಲೆ ನಿಮ್ಮ ಹೆಸರು ಹೇಳಿದ. ಪಾಸ್‌ವರ್ಡ್ ಏನು?"

"ಗೊತ್ತಿಲ್ಲ. ಗಿರಾಕಿ ಟೈಪ್ ಮಾಡುವಾಗ ನಾನು ಗೋಡೆ ಕಡೆ ತಿರುಗಿ ನಿಲ್ತೀನಿ."

ಅದು ನಿಜ. ತಿರುಗಿಯೇ ನಿಂತಿದ್ದೆ. ಆದರೆ ಮುದ್ದಮ್ಮ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಒಂದೊಂದೇ ಇಂಗ್ಲಿಷ್ ಅಕ್ಷರ ಹುಡುಕಿ ಒತ್ತುತ್ತಾ, ಸಂತೆಯಲ್ಲಿ ಕೂಗಿದಂತೆ ಇಡೀ ಕನ್ನಡದ ಸಾಲನ್ನು ಬಾಯಿಬಿಟ್ಟು ಹೇಳಿಕೊಂಡಿದ್ದರು. ಗೋಡೆಗೆ ಕಿವಿ ಇತ್ತೋ ಇಲ್ಲವೋ, ನನಗಂತೂ ಇತ್ತು.

ಕಿರಣ್ ನನ್ನ ಬಲಗೈ ಹಿಡಿದೆಳೆದ. ಪಕ್ಕದ ಮೇಜಿನ ಮೇಲೆ ಪೇಪರ್ ಕಟರ್ ಇತ್ತು. ಹಿಡಿ ಒತ್ತಿದರೆ ನೂರು ಹಾಳೆ ಒಟ್ಟಿಗೆ ಕತ್ತರಿಸುವಂಥದ್ದು.

"ಟೈಪ್ ಮಾಡೋ ಕೈ ಅಲ್ವಾ ಇದು?"

"ಎಣ್ಣೆಂಗ್ಸು ಕಣ್ಲಾ," ಎಂದ ಬೆಟ್ಟಯ್ಯ.

"ನೀವು ಸುಮ್ನಿರಿ!"

ಕತ್ತಿ ಕೆಳಗಿಳಿಯಿತು. ತೋರುಬೆರಳ ಚರ್ಮ ಬಿಟ್ಟುಕೊಂಡಿತು. ರಕ್ತ ಬಂತು. ನೋವು ಬರಲಿಲ್ಲ. ಯಾರದೋ ಬೆರಳನ್ನು ನೋಡಿದಂತೆ ನೋಡುತ್ತಿದ್ದೆ.

ಇನ್ನೊಂದು ಕೂದಲೆಳೆಯಷ್ಟು ಇಳಿದರೆ ಮೂಳೆ.

"ಹಳೇ ಹಸು ಹಾಲು ಕೊಡ್ತು."

ಹೌದು. ಹೇಳಿಬಿಟ್ಟೆ.

ಇಪ್ಪತ್ತು ವರ್ಷದ ಹುಡುಗಿ, ಅವಳನ್ನು ಕಟ್ಟಿಕೊಂಡ ಹುಡುಗ, ಅವರ ಜೊತೆ ಇನ್ನೂ ಹದಿನಾರು ಜೋಡಿ. ಒಂದು ಬೆರಳಿಗೆ!

ಕಿರಣ್ ನನ್ನ ಕೈ ಬಿಟ್ಟು ಕೀಬೋರ್ಡಿಗೆ ಕೂತ. ಕಂಪ್ಯೂಟರ್ ಓದಿದವನು, ಬೆರಳು ಓಡುತ್ತಿದ್ದವು. ಬಾಯಲ್ಲೇ ಒಂದೊಂದು ಅಕ್ಷರ ಹೇಳಿಕೊಳ್ಳುತ್ತಿದ್ದ. "ಎಚ್, ಎ, ಎಲ್, ಇ..."

ಎಂಟರ್.

ತಪ್ಪು.

ಜಾಗ ಬಿಡದೆ ಹೊಡೆದ. ತಪ್ಪು. ಎಲ್ಲ ದೊಡ್ಡ ಅಕ್ಷರದಲ್ಲಿ ಹೊಡೆದ. ತಪ್ಪು.

ಕೀಕ್. ಕೀಕ್. ಈಗ ಬೇಗ ಬೇಗ ಕೂಗುತ್ತಿತ್ತು.

"ಸುಳ್ಳು ಹೇಳ್ತಿದೀರ!"

"ಇಲ್ಲ. ಅದೇ ಸಾಲು." ಸತ್ಯವಾಗಿಯೂ ಅದೇ ಸಾಲು. ನನಗೇ ಅರ್ಥವಾಗಲಿಲ್ಲ.

ಬೆಟ್ಟಯ್ಯ ಹತ್ತಿರ ಬಂದು ಬಗ್ಗಿದ. "ಏನಂದ್ಳು? ಅಳೇ ಅಸ ಆಲು ಕೊಡ್ತು ಅಂತ್ಲಾ? ಅಂಗೇ ಒತ್ಲಾ ಮತ್ತೆ!"

"ದೊಡ್ಡಪ್ಪ, ಅಸ ಅಲ್ಲ! ಹಸು! ಹ! ಹ ಹೇಳಿ!"

"ಅದ್ನೇ ಅಂದುದ್ದು. ಅ."

"ಅಯ್ಯೋ, ಅ ಅಲ್ಲ! ಹ!"

"ಫೀಜು ಕಟ್ಟಿ ಓದ್ಸಿದ್ದು ನಾನು. ನಂಗೇ ಅ ಕಲಿಸ್ತೀಯೇನ್ಲಾ?"

ನಾನು ಅಲ್ಲಾಡಲಿಲ್ಲ.

ಅಳೇ ಅಸ ಆಲು ಕೊಡ್ತು.

ಮುದ್ದಮ್ಮ ಅಂದು ಕೂಗಿದ್ದೂ ಹೀಗೆಯೇ! ನನ್ನ ಕಿವಿ ಕೇಳಿದ್ದು ಇದನ್ನೇ. ಕಾಲೇಜು ಓದಿದ ನನ್ನ ತಲೆ ಅದನ್ನು ತಿದ್ದಿ, ಹಕಾರ ಸೇರಿಸಿ, ಶುದ್ಧ ಮಾಡಿ ಇಟ್ಟುಕೊಂಡಿತ್ತು. ಆಯಮ್ಮ ಟೈಪ್ ಮಾಡಿದ್ದು ತಮ್ಮ ನಾಲಗೆಯನ್ನು.

ಬೀಗದ ಕೈ ಆ ಮುದುಕನ ಬಾಯಲ್ಲಿತ್ತು. ಅವನು ಓದಿಸಿದ ಹುಡುಗನಿಗೆ ಆ ಬಾಯಿ ಕೇಳಿದರೆ ನಾಚಿಕೆ.

ಕಿರಣ್ ತಟ್ಟನೆ ತಿರುಗಿ ನನ್ನ ಮುಖ ನೋಡಿದ. ನಾನು ಪೇಪರ್ ಕಟರ್ ನೋಡಿದೆ. ಅವನಿಗೆ ಹೆದರಿದವಳಂತೆ ಕಂಡಿರಬೇಕು.

ಅವನು ಮತ್ತೆ ಕೀಬೋರ್ಡಿಗೆ ತಿರುಗಿದ. "ಎಚ್..."

ಕೀ...ಈ...ಈ...ಕ್.

ಸ್ಕ್ರೀನ್ ಸತ್ತಿತು. ಕತ್ತಲೆ!

ಓಡಿದೆ.

ಹಿಂದಿನ ಬಾಗಿಲು, ಕಬ್ಬಿಣದ ಏಣಿ, ಸಂದಿ. ಚಪ್ಪಲಿ ಏಣಿಯಲ್ಲೇ ಬಿತ್ತು. ಮಾರ್ಕೆಟ್ಟಿನ ಹಿಂದೆ ಕೊಳೆತ ಟೊಮೆಟೊ ಮೇಲೆ ಕಾಲು ಜಾರಿತು. ಎದ್ದೆ. ಹಿಂದೆ ಟಾರ್ಚು, ಬೈಕಿನ ಸದ್ದು.

"ಸುಳ್ಳೇಳ್ಬುಟ್ಲು ಕಣ್ಲಾ ಅವ್ಳು!" ಬೆಟ್ಟಯ್ಯನ ಗಂಟಲು.

ಆ ಸಾಲನ್ನು ನಾನು ನಿಜವೆಂದೇ ನಂಬಿ ಹೇಳಿದ್ದೆ. ಅದಕ್ಕೇ ನನ್ನನ್ನು ಅಟ್ಟಿಸಿಕೊಂಡು ಬರುತ್ತಿದ್ದರು!

ರಸ್ತೆ ಬದಿಯಲ್ಲಿ ಕಬ್ಬು ತುಂಬಿದ ಟ್ರಾಕ್ಟರುಗಳ ಸಾಲು. ಎರಡರ ನಡುವೆ ನುಸುಳಿ ಚಕ್ರಕ್ಕೆ ಅಂಟಿ ಕೂತೆ. ಬೈಕ್ ಹಾದುಹೋಯಿತು. ತಿರುಗಿ ಬಂತು. ಟಾರ್ಚಿನ ಬೆಳಕು ನನ್ನ ಕಾಲಿನಿಂದ ಗೇಣು ದೂರದಲ್ಲಿ ನಿಂತು... ಹೊರಟುಹೋಯಿತು.

ಮೇಲಿನಿಂದ ಡ್ರೈವರ್ ತಲೆ ಚಾಚಿದ. "ಯಾರವ್ವ ಅದು?"

"ನಂಜನಗೂಡು ಕಡೆ ಹೋಗುತ್ತಾ?"

ಅವನು ನನ್ನ ಕೈಯ ರಕ್ತ ನೋಡಿದ. "ಅತ್ತಿ ಕೂತ್ಕೊ."

ಬೆಳಕು ಹರಿಯುವ ಹೊತ್ತಿಗೆ ಮುದ್ದಮ್ಮನ ಸಂಘದ ಕೋಣೆಯಲ್ಲಿದ್ದೆ.

"ಸೆಂಟರಿಗೆ ನುಗ್ಗಿದ್ರು ಅಕ್ಕ. ಸುನೀತಾ ಅಣ್ಣ. ಪೆನ್ ಡ್ರೈವ್ ಅವರ ಹತ್ರ ಇದೆ. ಎಲ್ಲರನ್ನೂ ಈಗಲೇ ಜಾಗ ಬದಲಾಯಿಸಿ."

ಮುದ್ದಮ್ಮ ಗಾಬರಿಯಾಗಲಿಲ್ಲ. ತಮ್ಮ ಕಾಪಿ ಹಾಕಿ, ಹಳೆಯ ಕಂಪ್ಯೂಟರಿನ ಮುಂದೆ ಕೂತು, ಒಂದೇ ಬೆರಳು ಚಾಚಿದರು. ನಾನು ಮೊದಲ ಬಾರಿಗೆ ಗೋಡೆ ಕಡೆ ತಿರುಗಲಿಲ್ಲ.

ಎ. ಎಲ್. ಇ.

ಬೆರಳು ಎಚ್ ಕಡೆಗೆ ಹೋಗಲೇ ಇಲ್ಲ. ಫೈಲು ತೆರೆದುಕೊಂಡಿತು.

ಅವರು ಒಂದೊಂದೇ ನಂಬರಿಗೆ ಫೋನ್ ಮಾಡಿದರು. ಎಂಟು ಗಂಟೆಗೆ ಸುನೀತಾ, ರಾಹುಲ್ ಬೇರೆ ಊರಿನ ಬಸ್ಸಿನಲ್ಲಿದ್ದರು. ಹತ್ತಕ್ಕೆ ಹದಿನೇಳು ಜೋಡಿಯೂ ಹೊರಟಿತ್ತು.

ಫೋನ್ ಇಟ್ಟ ಮೇಲೆ ಮುದ್ದಮ್ಮ ನನ್ನ ಬೆರಳಿಗೆ ಅರಿಶಿನ ಒತ್ತಿ ಬಟ್ಟೆ ಸುತ್ತಿದರು.

"ಕುಯ್ದವ್ರೆ ಪಾಪಿಗಳು. ಕೇಳಿರ್ತಾರೆ ನಿನ್ನ."

"ಹ್ಞೂಂ."

"ನಾನು ಬಾಯ್ಬುಟ್ಟು ಒತ್ತಿದ್ದೆ ಅವತ್ತು. ನಿನ್ ಕಿವೀಗೂ ಬಿದ್ದಿರ್ತದೆ." ಗಂಟು ಬಿಗಿದರು. "ಆದ್ರೂ ನೀನು ಏಳಿರಾಕಿಲ್ಲ. ಪ್ರಾಣ ಓದ್ರೂ ಏಳಾಕಿಲ್ಲ ನನ್ ಮಗ. ನಂಗೊತ್ತು."

ಆಗ ಬೆರಳು ಸಿಡಿಯತೊಡಗಿತು. ರಾತ್ರಿಯಿಡೀ ಬಾರದ ನೋವು.

ಸಾಲು ಬಿಟ್ಟುಕೊಟ್ಟದ್ದನ್ನು ಯಾರಿಗೂ ಹೇಳುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದೆ. ಈಕೆಗೂ ಇಲ್ಲ. ಪೊಲೀಸರಿಗೂ ಇಲ್ಲ. ಮುಂದೆಂದಾದರೂ ಸುನೀತಾ ಎದುರು ಬಂದು ಕೈಮುಗಿದರೆ ಅವಳಿಗೂ ಇಲ್ಲ.

ಮುದ್ದಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು.

"ಏಳಿಲ್ಲ ಅಕ್ಕ," ಎಂದೆ.

ಬದುಕಿನಲ್ಲಿ ಅದೊಂದೇ ಸಲ ನಾನು ಹಕಾರ ಬಿಟ್ಟದ್ದು.