ಕೆಂಪು ಗೆರೆ, ನೀಲಿ ಗೆರೆ

"ಈ ಕೆಂಪು ಗೆರೆ ಹಾರ್ಟ್ ಮುಟ್ಟಿದ್ರೆ ಕತೆ ಮುಗೀತು," ಎಂದ ಡೆಸ್ಮಂಡ್, ಶಾಲೆಯ ಊಟದ ಬಿಡುವಿನಲ್ಲಿ ಸ್ಯಾಂಡ್‌ವಿಚ್ ಜಗಿಯುತ್ತಲೇ.

ಮಾರ್ನಿ ಸರಕ್ಕನೆ ಕೈ ಎಳೆದುಕೊಂಡಳು. "ಯಾರು ಹೇಳಿದ್ದು ನಿಂಗೆ?"

"ನಮ್ ಕಸಿನ್. ಅವ್ನು ಸ್ಕೌಟ್. ಅವ್ನಿಗೆ ಎಲ್ಲಾ ಗೊತ್ತು."

"ನಿಮ್ ಕಸಿನ್‌ಗೆ ಶೂ ಲೇಸ್ ಕಟ್ಟೋಕೇ ಬರಲ್ಲ."

"ಬರದೇ ಇರ್ಬೋದು. ಬ್ಲಡ್ ಪಾಯ್ಸನ್ ವಿಷ್ಯ ಗೊತ್ತು. ಎಲ್ಲೀವರ್ಗೂ ಬಂದಿದೆ, ತೋರ್ಸು." ಅವಳು ತೋರಿಸಲಿಲ್ಲ. "ಹೋಗ್ಲಿ, ಆ ಚಿಪ್ಸ್ ತಿಂತೀಯೋ ಇಲ್ವೋ?"

ಮಾರ್ನಿ ಚಿಪ್ಸನ್ನು ಅವನ ಕಡೆ ತಳ್ಳಿದಳು.

ಇದೆಲ್ಲ ಶುರುವಾಗಿದ್ದು ಸೋಮವಾರ. ಅಂದು ಪ್ರೆಸಿಡೆಂಟ್ಸ್ ಡೇ, ಅಮೆರಿಕದ ಅಧ್ಯಕ್ಷರ ಹೆಸರಲ್ಲಿ ಶಾಲೆಗೆ ರಜೆ. ಪೋರ್ಟ್‌ಲ್ಯಾಂಡಿನಲ್ಲಿ ಗುಲಾಬಿ ಬೆಳೆಸುವವರೆಲ್ಲ ಅಂದು ಗಿಡ ಸವರಲು ಕತ್ತರಿ ಹಿಡಿದು ಅಂಗಳಕ್ಕೆ ಇಳಿಯುತ್ತಾರೆ. ಮಾರ್ನಿಯ ತಾತನದು ಕುಳ್ಳ ಗುಲಾಬಿ. ಎಷ್ಟು ಬೆಳೆದರೂ ಅವಳ ಮೊಣಕಾಲು ದಾಟುವುದಿಲ್ಲ, ಹೂವು ಬಾಟಲಿ ಮುಚ್ಚಳಕ್ಕಿಂತ ದೊಡ್ಡದಾಗುವುದಿಲ್ಲ. ಕಾರು ನಿಲ್ಲಿಸುವ ದಾರಿಯ ಪಕ್ಕದ ಸಾಲನ್ನು ಈ ವರ್ಷ ಮೊದಲ ಸಲ ತಾತ ಅವಳಿಗೇ ಬಿಟ್ಟುಕೊಟ್ಟಿದ್ದರು.

"ಗ್ಲೌಸ್ ತೆಗೆದ್ಯೋ, ಅವತ್ತಿಗೇ ತೋಟದ ಕೆಲ್ಸ ಬಂದ್," ಎಂದು ಗುಡುಗಿದ್ದರು. ತಾತನಿಗೆ ಮೆಲ್ಲಗೆ ಮಾತಾಡುವುದೇ ಗೊತ್ತಿಲ್ಲ.

ಗ್ಲೌಸೋ, ದಪ್ಪ ಚರ್ಮದ್ದು. ಅದನ್ನು ಹಾಕಿಕೊಂಡು ಬೆಂಕಿಕಡ್ಡಿಯಷ್ಟು ಸಣ್ಣ ಕಡ್ಡಿ ಹಿಡಿಯುವುದು ಹೇಗೆ? ಒಂದು ಕಡ್ಡಿಗೆ ಕೈ ಹಾಕಿದರೆ ಅರ್ಧ ಗಿಡವೇ ಕೈಗೆ ಬರುತ್ತಿತ್ತು. ತಾತ ಕಾಫಿ ತರಲು ಒಳಗೆ ಹೋದಾಗ ಮಾರ್ನಿ ಬಲಗೈ ಗ್ಲೌಸ್ ಕಳಚಿದಳು. ಚುಚ್ಚಿದ ಮುಳ್ಳು ಬೆರಳೊಳಗೇ ಮುರಿಯಿತು. ತಾತ ಬರುವಷ್ಟರಲ್ಲಿ ಗ್ಲೌಸ್ ಮತ್ತೆ ಕೈ ಸೇರಿತ್ತು.

ಅಲ್ಲಿಂದ ಕೈ ಸದಾ ಜೇಬಿನೊಳಗೇ. ಅಮ್ಮನಿಗೂ ಗೊತ್ತಾಗಲಿಲ್ಲ. ಇವತ್ತು ಬೆಳಿಗ್ಗೆ ನೋಡಿದರೆ ಬೆರಳು ಊದಿತ್ತು, ಅದರಿಂದ ಹೊರಟ ಸಣ್ಣ ಕೆಂಪು ಗೆರೆ ಮಣಿಕಟ್ಟಿನ ತನಕ ಬಂದಿತ್ತು.

ಊಟವಾದ ಮೇಲೆ, ಗಣಿತದ ಪೀರಿಯಡ್ಡಿನಲ್ಲಿ, ಕೆಂಪು ಗೆರೆ ನಿಂತ ಜಾಗಕ್ಕೆ ಮಾರ್ನಿ ನೀಲಿ ಪೆನ್ನಿನಿಂದ ಅಡ್ಡಗೆರೆ ಎಳೆದಳು. ಇದನ್ನು ದಾಟದೇ ಇದ್ದರೆ ಸಾಕಪ್ಪ ಎಂದುಕೊಂಡಳು. ಶಾಲೆ ಬಿಡುವಾಗ ಅಂಗಿಯ ತೋಳು ಸರಿಸಿ ನೋಡಿದಳು. ದಾಟಿತ್ತು. ಇನ್ನೊಂದು ಗೆರೆ ಎಳೆದಳು. ಬಸ್ಸಿನಲ್ಲಿ ಕೂತು, ಅಲ್ಲಿಂದ ಎದೆ ಎಷ್ಟು ದೂರ ಎಂದು ಗೇಣು ಹಾಕಿ ಅಳೆದಳು. ಬಹಳ ದೂರವೇನೂ ಇರಲಿಲ್ಲ.

ಮನೆಯ ಮುಂದೆ ತಾತ ಜಿಟಿಜಿಟಿ ಮಳೆಯಲ್ಲೇ ಗಿಡಗಳಿಗೆ ಗೊಬ್ಬರ ಹಾಕುತ್ತಿದ್ದರು. "ಬಾ ಬಾ, ನಿನ್ ಸಾಲು ನೋಡು. ಆಗ್ಲೇ ಕಣ್ಣು ಬಿಡ್ತಿದೆ."

ಮಾರ್ನಿ ನೋಡಿದಳು. ಅವಳೇ ಕತ್ತರಿಸಿದ ಕಡ್ಡಿಗಳ ಮೇಲೆ ಕೆಂಪಗೆ, ಸಾಸಿವೆಯಷ್ಟು ಚಿಗುರು. ಬಾಯಿ ಬಿಟ್ಟರೆ ಈ ಸಾಲು ಅವಳದಲ್ಲ. ನಾಳೆ ಹೇಳೋಣ ಎನ್ನಿಸಿತು. ನಾಳೆಯ ಹೊತ್ತಿಗೆ ಆ ಗೆರೆ ಎಲ್ಲಿರುತ್ತದೋ?

"ತಾತ, ನಾನು ಸತ್ತೋಗ್ತೀನಾ?"

ತಾತನ ಕೈಯಿಂದ ಸಲಿಕೆ ಬಿತ್ತು. ಮಾರ್ನಿ ತೋಳು ಮೇಲಕ್ಕೆ ಸರಿಸಿ, ತಾತನ ಗುಡುಗು ಈಗ ಬರುತ್ತದೆ ಎಂದು ಕಣ್ಣು ಬಿಗಿಯಾಗಿ ಮುಚ್ಚಿ ನಿಂತಳು.

ಗುಡುಗು ಬರಲಿಲ್ಲ. ಕಣ್ಣು ತೆರೆದರೆ ತಾತನ ಮುಖ ಸುಣ್ಣದಂತೆ ಬಿಳುಪಾಗಿತ್ತು.

"ಯಾವಾಗ ಆಯ್ತು?"

"ಸೋಮವಾರ. ಗ್ಲೌಸ್ ತೆಗ್ದಿದ್ದೆ."

"ಕಾರ್ ಹತ್ತು," ಎಂದರು ತಾತ, ಅಷ್ಟೇ. ಜೇಬಿನಿಂದ ತೆಗೆದ ಕೀ ಅವರ ಕೈಯಿಂದ ಜಾರಿತು. ಹೆಕ್ಕಿಕೊಂಡರು, ಮತ್ತೆ ಜಾರಿತು.

ಕ್ಲಿನಿಕ್ಕಿನಲ್ಲಿ ನರ್ಸ್ ಕೈ ತಿರುಗಿಸಿ ನೋಡಿ, "ಈ ನೀಲಿ ಗೆರೆ ಯಾರು ಹಾಕಿದ್ದು?" ಎಂದು ಕೇಳಿದಳು.

"ನಾನೇ. ಇದು ಗಣಿತದ ಕ್ಲಾಸಿಂದು, ಇದು ಸ್ಕೂಲ್ ಬಿಟ್ಟಾಗ."

"ಜಾಣೆ. ನಾವೂ ಹಿಂಗೇ ಗುರುತು ಹಾಕೋದು." ನರ್ಸ್ ತನ್ನದೊಂದು ಕಪ್ಪು ಗೆರೆಯನ್ನೂ ಎಳೆದಳು.

ಡಾಕ್ಟರು ಬಂದು ಬೆರಳು ಒತ್ತಿ ನೋಡಿದರು. "ಇವತ್ತು ಬಂದಿದ್ದು ಒಳ್ಳೇದಾಯ್ತು. ಮುಳ್ಳು ತೆಗ್ದು ಇಂಜೆಕ್ಷನ್ ಕೊಡ್ತೀನಿ. ಮಾತ್ರೆ ತಪ್ಪಿಸ್ಬೇಡ. ಗೆರೆ ಹಿಂದಕ್ಕೆ ಹೋಗತ್ತೆ. ಈ ಕಪ್ಪು ಗೆರೆ ದಾಟಿದ್ರೆ ಮಾತ್ರ ತಕ್ಷಣ ದೊಡ್ಡಾಸ್ಪತ್ರೆಗೆ ಹೋಗ್ಬೇಕು."

ನಾನು ಸಾಯಲ್ಲ ತಾನೇ ಎಂದು ಕೇಳಲು ಮಾರ್ನಿ ಬಾಯಿ ತೆರೆದಳು. ಅಷ್ಟರಲ್ಲಿ ಯಾರೋ ಕೇಳಿಬಿಟ್ಟರು.

"ಮಗೂಗೆ ಏನೂ ಆಗಲ್ಲ ತಾನೇ?"

ತಾತ. ಅಷ್ಟು ಸಣ್ಣ ದನಿ ಅವರ ಬಾಯಿಂದ ಬಂದದ್ದನ್ನು ಮಾರ್ನಿ ಕೇಳಿರಲೇ ಇಲ್ಲ. ಡಾಕ್ಟರು ಏನೂ ಆಗಲ್ಲ ಎಂದರು. ತಾತ ಇನ್ನೊಂದು ಸಲ ಕೇಳಿದರು. ಅವರ ಬೂಟಿಗೆಲ್ಲ ಗೊಬ್ಬರ ಮೆತ್ತಿತ್ತು. ಕೂತಲ್ಲೇ ಒಂದು ಮೊಣಕಾಲು ತಟತಟ ಕುಣಿಯುತ್ತಿತ್ತು. ತಾತನಿಗೂ ಹೆದರಿಕೆ ಆಗುತ್ತದೆ ಎಂದು ಅವಳು ಯಾವತ್ತೂ ಅಂದುಕೊಂಡಿರಲಿಲ್ಲ.

ಡಾಕ್ಟರು ಸೂಜಿ ಎತ್ತಿಕೊಂಡರು. ತಾತ ಗೋಡೆಯ ಕಡೆ ಮುಖ ತಿರುಗಿಸಿದರು.

"ನೋಯ್ತಿದ್ಯಾ ಪುಟ್ಟಿ?"

ಕಣ್ಣಲ್ಲಿ ನೀರು ಬರುವಷ್ಟು ನೋಯುತ್ತಿತ್ತು. ಮಾರ್ನಿ ಎಡಗೈ ಚಾಚಿ ತಾತನ ಮಣ್ಣಾದ ಬೆರಳುಗಳನ್ನು ಹಿಡಿದುಕೊಂಡಳು.

"ಇಲ್ಲ ತಾತ," ಎಂದಳು. "ಒಂಚೂರೂ ಇಲ್ಲ."